ಬಾಣಂತಿಯ ಕೈಗೆ ಏನೇನು ಎಟುಕಬೇಕು: ಮೊದಲ ಆರು ವಾರದ ತಯಾರಿ

ನನ್ನ ಮೊದಲ ಬಾಣಂತನ ಗದಗಿನ ತವರುಮನೆಯಲ್ಲಾಯಿತು. ತೊಟ್ಟಿಲಿಗೆ ಹಾಕಿದ ದಿನ ಮಗಳಿಗೆ ಹದಿನಾಲ್ಕು ಜೋಡಿ ಅಂಗಿ, ಮೂರು ಕುಂಚಿಗಿ, ಬೆಳ್ಳಿ ಕಡಗ, ಎರಡು ಸೊಳ್ಳೆ ಪರದೆ ಬಂದವು. ಅದೇ ರಾತ್ರಿ ಮೂರು ಗಂಟೆಗೆ ಕೂಸು ಎದೆಗೆ ಬಾಯಿ ಹಚ್ಚಿದ ಕೂಡಲೇ ನನ್ನ ಗಂಟಲು ಒಣಗಿತು. ನೀರಿನ ಕೊಡ ಅಡುಗೆಮನೆಯಲ್ಲಿತ್ತು. ಹೊಲಿಗೆ ಎಳೆಯುತ್ತಿದ್ದುದರಿಂದ ಕೂಸನ್ನೆತ್ತಿಕೊಂಡು ಏಳುವಂತಿರಲಿಲ್ಲ. ಹಗಲೆಲ್ಲ ದುಡಿದು ಆಗಷ್ಟೇ ಮಲಗಿದ್ದ ಅವ್ವನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಮುಕ್ಕಾಲು ತಾಸು ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಾ ಕೂತಿದ್ದೆ. ಅಷ್ಟೆಲ್ಲ ಸಾಮಾನು ಬಂದಿದ್ದ ಮನೆಯಲ್ಲಿ ನನ್ನ ಕೈಗೆಟುಕುವಂತೆ ಒಂದು ನೀರಿನ ಬಾಟಲಿ ಇರಲಿಲ್ಲ.

ಐದು ವರ್ಷದ ಮೇಲೆ ಧಾರವಾಡದಲ್ಲಿ ತಂಗಿಯ ಬಾಣಂತನ ನಾನೇ ನಿಂತು ಮಾಡಿದೆ. ಆ ರಾತ್ರಿಯನ್ನು ನೆನಪಿಟ್ಟುಕೊಂಡು ಪ್ರತಿ ಸಾಮಾನಿಗೂ ಒಂದೇ ಪ್ರಶ್ನೆ ಹಾಕಿದೆ: ಇದರಿಂದ ಬಾಣಂತಿಯ ನೋವು ಕಡಿಮೆಯಾಗುತ್ತದೆಯೇ, ಅವಳಿಗೆ ಅರ್ಧ ತಾಸಾದರೂ ಹೆಚ್ಚು ನಿದ್ದೆ ಸಿಗುತ್ತದೆಯೇ? ಆಗ ಕೊಂಡದ್ದು, ಬಿಟ್ಟದ್ದು, ಕಲಿತದ್ದು ಇಲ್ಲಿದೆ.

ಕುಬಸ ಮುಗಿದ ವಾರದಲ್ಲೇ ಕೋಣೆ ನೋಡಿ

ನಮ್ಮ ಕಡೆ ಏಳನೇ ತಿಂಗಳಲ್ಲಿ ಕುಬಸ ಮಾಡಿ ಮಗಳನ್ನು ತವರಿಗೆ ಕರೆತರುತ್ತಾರೆ. ಸೀರೆ, ಬಳೆಯ ಸಂಭ್ರಮ ಮುಗಿದ ಮೇಲೆ ಅವಳನ್ನು ಬಾಣಂತಿ ಕೋಣೆಗೆ ಕರೆದುಕೊಂಡು ಹೋಗಿ ಹೊರಸಿನ ಮೇಲೆ ಕೂರಿಸಿ. ಕೈ ಊರದೆ ಎದ್ದು ನಿಲ್ಲಲು ಆಗುತ್ತದೆಯೇ ನೋಡಿ. ಜೋಲು ಬಿದ್ದ ನುಲಿ ಹೊರಸು, ನೆಲದ ಹಾಸಿಗೆ ಎರಡೂ ಬೇಡ. ಸಿಜೇರಿಯನ್ ಆದವಳಿಗಂತೂ ಅವುಗಳಿಂದ ಏಳುವುದು ಶಿಕ್ಷೆ. ಮೊಣಕಾಲಿನ ಎತ್ತರದ, ಗಟ್ಟಿ ಹಾಸಿಗೆಯ ಮಂಚ ಸಾಕು. ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಆಮೇಲೆ ಕೈ ಊರಿ ಕೂರುವುದನ್ನು ಈಗಲೇ ರೂಢಿ ಮಾಡಿಸಿ.

ಆಮೇಲೆ ಸಂಡಾಸು ನೋಡಿ. ಎಷ್ಟೋ ಹಳೇ ಮನೆಗಳಲ್ಲಿ ಅದು ಹಿತ್ತಲಲ್ಲಿರುತ್ತದೆ, ಕುಕ್ಕರುಗಾಲಲ್ಲಿ ಕೂರಬೇಕಾಗುತ್ತದೆ. ಸರ್ಜಿಕಲ್ ಸಾಮಾನಿನ ಅಂಗಡಿಗಳಲ್ಲಿ ಕಮೋಡ್ ಕುರ್ಚಿ ಸಿಗುತ್ತದೆ. ಅಜ್ಜಿಗೋ ಅಜ್ಜನಿಗೋ ತಂದದ್ದು ಬಳಗದ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ, ಕೇಳಿ ತರಿಸಿಕೊಳ್ಳಿ. ಕಲಘಟಗಿ ತೊಟ್ಟಿಲಿಗೆ ಹಣ ಕೂಡಿಸುವ ಬಳಗ ಇದನ್ನೂ ಕೂಡಿಸಿ ತರಬಹುದು. ಆ ತೊಟ್ಟಿಲ ಅರಗಿನ ಬಣ್ಣ ಎಷ್ಟು ನೋಡಿದರೂ ತಣಿಯದು, ಆದರೆ ಮೊದಲ ವಾರ ಬಾಣಂತಿಯ ಕಣ್ಣಲ್ಲಿ ನೀರು ಬಾರದಂತೆ ನೋಡಿಕೊಳ್ಳುವುದು ಈ ಕುರ್ಚಿಯೇ.

ಮೂರನೆಯದು ಮಂಚದ ಪಕ್ಕದ ಬುಟ್ಟಿ. ಒಂದೇ ಕೈಯಲ್ಲಿ ತೆರೆಯಬಹುದಾದ, ನಳಿಕೆ ಇರುವ ನೀರಿನ ಬಾಟಲಿ, ಬಿಸಿ ಹಾಲಿನ ಥರ್ಮಾಸು, ಉಂಡಿ ಡಬ್ಬಿ, ಪ್ಯಾಡು, ಮೆತ್ತನೆ ಹತ್ತಿ ಬಟ್ಟೆ ನಾಲ್ಕು, ಗುಳಿಗೆ, ಉದ್ದ ತಂತಿಯ ಮೊಬೈಲ್ ಚಾರ್ಜರು. ಕಣ್ಣಿಗೆ ಚುಚ್ಚದ ಸಣ್ಣ ದೀಪವೊಂದು ಇರಲಿ. ದಿನಾ ರಾತ್ರಿ ಒಂಬತ್ತಕ್ಕೆ ಈ ಬುಟ್ಟಿ ತುಂಬುವ ಕೆಲಸ ಒಬ್ಬರ ಹೆಸರಿಗೇ ಇರಬೇಕು. ನಮ್ಮಲ್ಲಿ ಅದನ್ನು ಅಪ್ಪ ವಹಿಸಿಕೊಂಡರು, ನಲವತ್ತು ದಿನದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ.

ಆಸ್ಪತ್ರೆ ಚೀಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕು, ಇವುಗಳ ಝೆರಾಕ್ಸು ಒಂದು ಕವರಿನಲ್ಲಿ. ಮುಂದೆ ಗುಂಡಿ ಇರುವ ನೈಟಿ ಮೂರು, ಒಂದಳತೆ ದೊಡ್ಡ ಹತ್ತಿ ಚಡ್ಡಿ ಆರು, ದಪ್ಪ ಪ್ಯಾಡು ಎರಡು ಕಟ್ಟು, ಹಾಲೂಡಿಸುವ ಬ್ರಾ ಎರಡು, ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಧೋತರದ ತುಂಡುಗಳು. ಕೂಸಿಗೆ ಕುಲಾವಿ, ಮೆತ್ತನೆ ಕೌದಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮನೆಗೆ ಬಿಡಲು ನಗು-ಮಗು ವಾಹನ ಉಚಿತ. ಡಿಸ್ಚಾರ್ಜ್ ಮಾಡುವಾಗ ಬಾಯಿಬಿಟ್ಟು ಕೇಳಿ.

ಮೊದಲ ವಾರ: ರಕ್ತ, ಹೊಲಿಗೆ, ಸಂಡಾಸು

ಮೊದಲ ಮೂರ್ನಾಲ್ಕು ದಿನ ಕೆಂಪಗೆ ಹೆಚ್ಚು ಹೋಗುತ್ತದೆ. ಆಮೇಲೆ ನಸುಗೆಂಪು, ಕಂದು, ಕೊನೆಗೆ ಬಿಳಿಚಿದ ಬಣ್ಣಕ್ಕೆ ತಿರುಗಿ ನಾಲ್ಕರಿಂದ ಆರು ವಾರದಲ್ಲಿ ನಿಲ್ಲುತ್ತದೆ. ಆರಂಭಕ್ಕೆ ಉದ್ದನೆ, ದಪ್ಪ ಪ್ಯಾಡೇ ಬೇಕು. ಎರಡನೇ ವಾರದಿಂದ ತೆಳ್ಳಗಿನದು ನಡೆಯುತ್ತದೆ. ಜನೌಷಧಿ ಕೇಂದ್ರಗಳಲ್ಲಿ ‘ಸುವಿಧಾ’ ಪ್ಯಾಡು ಒಂದಕ್ಕೆ 1 ರೂಪಾಯಿಯಂತೆ ಸಿಗುತ್ತದೆ. ಬಟ್ಟೆ ಬಳಸುವವರು ಸಾಬೂನು ಹಾಕಿ ಒಗೆದು, ಕುದಿಸಿ, ಸುಡು ಬಿಸಿಲಿನಲ್ಲೇ ಒಣಗಿಸಬೇಕು. ಯಾರ ಕಣ್ಣಿಗೂ ಬೀಳಬಾರದೆಂದು ಬಾಗಿಲ ಹಿಂದೆ ಹಾಕಿದ ಬಟ್ಟೆ ಸರಿಯಾಗಿ ಒಣಗುವುದಿಲ್ಲ, ನಂಜಾಗುವುದು ಅಂಥದರಿಂದಲೇ.

ತಂಗಿಗೆ ಸಹಜ ಹೆರಿಗೆ, ಕೆಳಗೆ ಹೊಲಿಗೆ ಬಿದ್ದಿದ್ದವು. ಮನೆಗೆ ಬಂದ ದಿನ ಸಂಜೆವರೆಗೂ ಅವಳು ಒಂದಕ್ಕೆ ಹೋಗಲೇ ಇಲ್ಲ. "ಯಕ್ಕಾ, ಉರೀತೈತಿ, ಕುಂದ್ರಾಕ ಹೆದರಿಕಿ ಆಗತೈತಿ" ಅಂದಳು. ಖಾಲಿ ನೀರಿನ ಬಾಟಲಿಯೊಂದನ್ನು ಚೆನ್ನಾಗಿ ತೊಳೆದು, ದಬ್ಬಣವನ್ನು ಒಲೆಯ ಉರಿಗೆ ಹಿಡಿದು ಮುಚ್ಚಳದಲ್ಲಿ ಐದು ತೂತು ಕೊರೆದೆ. ಕುದಿಸಿ ಉಗುರುಬೆಚ್ಚಗಾದ ನೀರು ತುಂಬಿಸಿಕೊಟ್ಟೆ. ಮೂತ್ರ ಬರುವಾಗಲೇ ಅದನ್ನು ಹಿಂಡಿ ಮುಂದಿನಿಂದ ಹಿಂದಕ್ಕೆ ನೀರು ಬಿಟ್ಟುಕೊಂಡರೆ ಮೂತ್ರ ತಿಳಿಯಾಗಿ ಉರಿ ಇಳಿಯುತ್ತದೆ. ಅವಳು ಹೊರಗೆ ಬಂದಾಗ ಮುಖದ ಬಿಗುವು ಸಡಿಲಾಗಿತ್ತು. ಇದೇ ಕೆಲಸದ ಬಾಟಲಿ ಅಂಗಡಿಯಲ್ಲೂ ಸಿಗುತ್ತದೆ, ನಮ್ಮದಕ್ಕೆ ದುಡ್ಡು ಬೀಳಲಿಲ್ಲ. ಮುಗಿದ ಮೇಲೆ ತಿಕ್ಕಬಾರದು, ಮೆತ್ತನೆ ಬಟ್ಟೆ ಒತ್ತಿ ಒರೆಸಿಕೊಳ್ಳಬೇಕು.

ಅಗಲ ಟಬ್ಬಿನಲ್ಲಿ ಬೆಚ್ಚಗಿನ ನೀರು ಹಾಕಿ ದಿನಕ್ಕೆ ಎರಡು ಸಲ ಹತ್ತು ಹದಿನೈದು ನಿಮಿಷ ಕೂತರೆ ಹೊಲಿಗೆಯ ನೋವು, ಮೂಲವ್ಯಾಧಿಯ ನೋವು ಎರಡೂ ತಗ್ಗುತ್ತವೆ. ಇದು ಸಹಜ ಹೆರಿಗೆಯಾದವರಿಗೆ. ನಿಮ್ಮ ಹೊಲಿಗೆಗೆ ಯಾವಾಗಿನಿಂದ ಎಂದು ನರ್ಸನ್ನು ಕೇಳಿಕೊಂಡು ಶುರು ಮಾಡಿ. ಮಲ ಗಟ್ಟಿಯಾಗಲು ಬಿಡಬೇಡಿ. ನೀರು, ಪಲ್ಯ, ಹಣ್ಣು ಸಾಲದಿದ್ದರೆ ಇಸಬಗೋಲಿನಂಥದ್ದನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ನೋವಿನ ಗುಳಿಗೆ ತಗೊಂಡರೆ ಹಾಲು ಕೆಡುತ್ತದೆ ಎಂದು ಹಲ್ಲು ಕಚ್ಚಿ ಕೂರುವವರಿದ್ದಾರೆ. ಹಾಲೂಡಿಸುವ ತಾಯಂದಿರಿಗೆ ನಡೆಯುವ ಗುಳಿಗೆಗಳನ್ನೇ ವೈದ್ಯರು ಬರೆದುಕೊಟ್ಟಿರುತ್ತಾರೆ, ಹೇಳಿದ ಹೊತ್ತಿಗೆ ನುಂಗಿ.

ಹೊಟ್ಟೆ ಕಟ್ಟುವ ಪಟ್ಟಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಿಜೇರಿಯನ್ ಆದವರಿಗೆ ಏಳುವಾಗ, ಕೆಮ್ಮುವಾಗ ಅದು ಆಸರೆ ಕೊಡುತ್ತದೆ, ವೈದ್ಯರು ಒಪ್ಪಿದರೆ ಒಂದು ಕೊಳ್ಳಿ. ಹೊಟ್ಟೆ ಕರಗಿಸುತ್ತದೆ ಎಂದು ಮಾತ್ರ ಕೊಳ್ಳಬೇಡಿ, ಅದು ಅದರ ಕೈಲಿ ಆಗದ ಕೆಲಸ. ಹಳೇ ಸೀರೆಯನ್ನು ಉಸಿರು ಹಿಡಿಯುವಷ್ಟು ಬಿಗಿದು ಕಟ್ಟುವುದೂ ಬೇಡ.

ಎಣ್ಣೆ, ಎರೆಯುವುದು, ಕೆಂಡ

ಎಣ್ಣೆ ಹಚ್ಚಿ, ಬಿಸಿ ನೀರು ಎರೆದು, ಲೋಬಾನದ ಹೊಗೆ ಹಾಕಿ, ಮಂಚದ ಕೆಳಗೆ ಕೆಂಡ ಇಡುವುದು ನಮ್ಮ ಬಾಣಂತನದ ಜೀವಾಳ. ಬೆನ್ನಿಗೆ, ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ಸುಖ ದೊಡ್ಡದು, ಅದನ್ನು ಬಿಡಬೇಡಿ. ಹೊಟ್ಟೆಯ ಗಾಯ ಮಾಯುವವರೆಗೆ ಅದರ ಮೇಲೆ ಎಣ್ಣೆಯೂ ಬೇಡ, ಕೊಡದಿಂದ ಧಾರೆ ಬಿಡುವುದೂ ಬೇಡ. ರಕ್ತ ಕಡಿಮೆಯಾದ ಮೈಗೆ ಸುಡು ನೀರು ಬಿದ್ದರೆ ತಲೆ ತಿರುಗುತ್ತದೆ. ಬಚ್ಚಲಲ್ಲಿ ಅಲುಗಾಡದ ಸ್ಟೂಲು, ಜಾರದ ಮ್ಯಾಟು ಇಡಿ, ಬಾಗಿಲಿಗೆ ಅಗಳಿ ಹಾಕಬೇಡಿ, ಹೊರಗೊಬ್ಬರು ನಿಂತಿರಿ.

ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದನ್ನು ನಾನು ಕೈಮುಗಿದು ಬೇಡವೆನ್ನುತ್ತೇನೆ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದ ತಾಯಿ ಮಗು ಎಚ್ಚರವೇ ಆಗದೆ ಹೋಗಬಹುದು. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರಿನದೂ ಇದೇ ಅಪಾಯ: ನೀರನ್ನು ಮೊದಲೇ ಕಾಯಿಸಿ ಬಕೆಟ್ಟಿಗೆ ಹಿಡಿದು, ಗೀಸರ್ ಆರಿಸಿ, ಆಮೇಲೆ ಒಳಗೆ ಹೋಗಿ. ಬೆಚ್ಚಗಿರಲು ರಬ್ಬರಿನ ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಬೆನ್ನಿಗಿಟ್ಟುಕೊಳ್ಳಬಹುದು, ಕೌದಿ ಹೊದೆಯಬಹುದು. ಹಾವೇರಿ, ಗದಗಿನ ಏಪ್ರಿಲ್ ಬಿಸಿಲಲ್ಲಿ ಅದೂ ಬೇಕಿಲ್ಲ. ಫ್ಯಾನು ಹಾಕಿಕೊಂಡರೆ ಶೀತ ಹತ್ತುವುದಿಲ್ಲ.

ಹಾಲು

ಹುಟ್ಟಿದ ಒಂದು ತಾಸಿನೊಳಗೆ ಎದೆಗೆ ಹಚ್ಚಬೇಕು. ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ, ಕೂಸಿಗೆ ರೋಗ ತಡೆಯುವ ಶಕ್ತಿ ಇರುವುದು ಅದರಲ್ಲೇ. ದಿನಕ್ಕೆ 8ರಿಂದ 12 ಸಲ ಕುಡಿಸಬೇಕಾಗುತ್ತದೆ, ಅಂದರೆ ತಾಯಿ ದಿನದ ಬಹುಪಾಲು ಕೂತೇ ಇರುತ್ತಾಳೆ. ಆದ್ದರಿಂದ ಹಾಲಿನ ವಿಷಯದಲ್ಲಿ ಮೊದಲ ಸಾಮಾನು ಬೆನ್ನಿಗೆ ಆನಿಕೆ ಇರುವ ಕುರ್ಚಿ, ತೊಡೆಯ ಮೇಲಿಡಲು ಗಟ್ಟಿ ದಿಂಬು, ಪಾದದ ಕೆಳಗೆ ಒಂದು ಮಣೆ. ಕೂಸನ್ನು ಎದೆಯ ಎತ್ತರಕ್ಕೆ ತರಬೇಕು. ತಾಯಿ ಬಗ್ಗಿದರೆ ಎರಡೇ ದಿನದಲ್ಲಿ ಬೆನ್ನು ಹಿಡಿಯುತ್ತದೆ.

ತೊಟ್ಟು ಒಡೆದರೆ ಮುಲಾಮಿಗಿಂತ ಮೊದಲು ಕೂಸು ಬಾಯಿ ಹಚ್ಚುವ ರೀತಿ ನೋಡಿ. ಬಾಯಿ ಅಗಲ ತೆರೆದು, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಸಾಕಷ್ಟು ಒಳಗೆ ಹೋಗಿರಬೇಕು, ಗಲ್ಲ ಎದೆಗೆ ತಾಗಿರಬೇಕು. ಬರೀ ತೊಟ್ಟು ಚೀಪುತ್ತಿದ್ದರೆ ಕಿರುಬೆರಳನ್ನು ಬಾಯಂಚಿನಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಚ್ಚಿ. ಕುಡಿಸಿದ ಮೇಲೆ ಎರಡು ಹನಿ ಹಾಲನ್ನೇ ಸವರಿ ಗಾಳಿಗೆ ಆರಲು ಬಿಡಿ. ಮೂರನೇ, ನಾಲ್ಕನೇ ದಿನ ಎದೆ ಕಲ್ಲಿನಂತಾದಾಗ ಕುಡಿಸುವ ಮುಂಚೆ ಬೆಚ್ಚಗಿನ ಬಟ್ಟೆ ಇಟ್ಟು ಸ್ವಲ್ಪ ಹಿಂಡಿ ಮೆತ್ತಗೆ ಮಾಡಿಕೊಳ್ಳಬೇಕು. ಕುಡಿಸಿದ ಮೇಲೆ ತಣ್ಣನೆ ಬಟ್ಟೆ ಇಡಬೇಕು. ಒಂದು ಕಡೆ ಕೆಂಪಗಾಗಿ, ಗಡ್ಡೆ ಕಟ್ಟಿ, ಜ್ವರ ಬಂದರೆ ಕುಡಿಸುವುದನ್ನು ನಿಲ್ಲಿಸದೆ ಅದೇ ದಿನ ವೈದ್ಯರಲ್ಲಿ ಹೋಗಿ.

ಹಾಲು ಹಿಂಡುವ ಪಂಪನ್ನು ಮೊದಲೇ ತಂದಿಡಬೇಡಿ. ಕೂಸು ಆಸ್ಪತ್ರೆಯ ನವಜಾತ ಶಿಶು ನಿಗಾ ಘಟಕದಲ್ಲಿ (ಎನ್‌ಐಸಿಯು) ಇದ್ದರೆ ಅಥವಾ ತಾಯಿ ಬೇಗ ಕೆಲಸಕ್ಕೆ ಮರಳಬೇಕಿದ್ದರೆ ಅದು ನಿಜಕ್ಕೂ ಬೇಕು. ಉಳಿದವರಿಗೆ ಶುಚಿಯಾದ ಕೈಯಿಂದ ಹಿಂಡುವುದನ್ನು ನರ್ಸ್ ಕಲಿಸಿಕೊಟ್ಟರೆ ಸಾಕು. ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ತಾಸು, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ತಡ ಮಾಡದೆ ಫ್ರಿಜ್ಜಿಗಿಡಿ, ಒಲೆಯ ಮೇಲೆ ಕುದಿಸದೆ ಬಿಸಿ ನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ. ಕುಡಿಸಲು ಬಾಟಲಿಗಿಂತ ಕುದಿಸಿ ತೊಳೆದ ಒಳಲೆಯೇ ಲೇಸು.

ಹಾಲು ಸಾಲುತ್ತಿಲ್ಲ ಎಂಬ ಮಾತು ಪ್ರತಿ ಮನೆಯಲ್ಲೂ ಏಳುತ್ತದೆ, ಅದನ್ನು ಕೇಳಿಯೇ ತಾಯಿ ಅರ್ಧ ಕುಗ್ಗುತ್ತಾಳೆ. ಅಳುವಿನಿಂದ ಅಳೆಯಬೇಡಿ. ಐದನೇ ದಿನದ ನಂತರ ದಿನಕ್ಕೆ ಆರೋ ಹೆಚ್ಚೋ ಸಲ ಬಟ್ಟೆ ಒದ್ದೆಯಾಗುತ್ತಿದ್ದರೆ, ಎರಡು ವಾರದೊಳಗೆ ಹುಟ್ಟಿದ ತೂಕ ಮರಳಿದ್ದರೆ ಸಾಲುತ್ತಿದೆ ಎಂದೇ ಅರ್ಥ. ಆರು ತಿಂಗಳು ತುಂಬುವವರೆಗೆ ನೀರು, ಜೇನು, ಗ್ರೈಪ್ ವಾಟರ್, ಬಜಿ ತೇಯ್ದ ಗುಟ್ಟಿ ಯಾವುದೂ ಬೇಡ. ಹೊಕ್ಕಳಿಗೆ ಅರಿಶಿನ, ಎಣ್ಣೆ ಹಚ್ಚದೆ ಒಣಗಲು ಬಿಡಿ.

ಊಟ, ನೀರು, ಗುಳಿಗೆ

ನೀರು ಕುಡಿದರೆ ಹೊಟ್ಟೆ ಬರುತ್ತದೆ, ಗಾಯ ಮಾಯುವುದಿಲ್ಲ ಎಂದು ಬಾಣಂತಿಗೆ ಲೋಟ ಎಣಿಸಿ ಕೊಡುವ ರೂಢಿ ಈಗಲೂ ಇದೆ. ನನ್ನ ಅವ್ವನೂ ಪ್ರೀತಿಯಿಂದಲೇ ಹಾಗೆ ಮಾಡಿದಳು. ನೀರು ಸಾಲದಿದ್ದರೆ ಮಲ ಕಟ್ಟುತ್ತದೆ, ಉರಿಮೂತ್ರ ಬರುತ್ತದೆ, ದಣಿವು ಹೆಚ್ಚುತ್ತದೆ. ನೀರಡಿಸಿದಾಗಲೆಲ್ಲ ಕುಡಿಯಲಿ. ಅಜವಾನ ಹಾಕಿ ಕುದಿಸಿದ ನೀರಾದರೂ ಸರಿ, ಅವಳಿಗೆ ಹಿಡಿಸಿದರೆ ಆಯಿತು.

ಅಂಟಿನ ಉಂಡಿ ನಮ್ಮ ಕಡೆಯ ಹೆಮ್ಮೆ. ಅಂಟನ್ನು ತುಪ್ಪದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಅರಳಿನಂತೆ ಉಬ್ಬುವವರೆಗೆ ಕರಿಯಬೇಕು. ಒಳಗೆ ಗಟ್ಟಿ ಉಳಿದರೆ ಹಲ್ಲಿಗೆ ಅಂಟುತ್ತದೆ. ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಗಸಗಸೆ ಹುರಿದು ಕೂಡಿಸಿ, ಬೆಲ್ಲ ಕರಗಿ ನೊರೆ ಬಂದ ಕೂಡಲೇ ಬೆರೆಸಿ ಬಿಸಿ ಇರುವಾಗಲೇ ಕಟ್ಟಬೇಕು. ಎಂಟನೇ ತಿಂಗಳ ಕೊನೆಗೇ ಕಟ್ಟಿಡಿ, ಹೆರಿಗೆಯ ಗದ್ದಲದಲ್ಲಿ ಯಾರಿಗೂ ಕೈ ಬಿಡುವಿರುವುದಿಲ್ಲ. ರಾತ್ರಿ ಮೂರಕ್ಕೆ ಹಸಿದವಳಿಗೆ ಒಂದೇ ಕೈಯಲ್ಲಿ ತಿನ್ನಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬಸುರಿಯಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದವರು ಮಾತ್ರ ವೈದ್ಯರನ್ನು ಕೇಳಿ ತಿನ್ನಬೇಕು, ಆರು ವಾರಕ್ಕೆ ರಕ್ತ ಪರೀಕ್ಷೆಯನ್ನೂ ಮಾಡಿಸಬೇಕು.

ಬರೀ ಉಂಡಿ, ತುಪ್ಪದನ್ನದಿಂದ ಆಗದು. ಜೋಳದ ರೊಟ್ಟಿ, ಬ್ಯಾಳಿ, ಮೆಂತೆ, ರಾಜಗಿರಿ, ಸಬ್ಬಸಗಿ ಪಲ್ಯ, ಅಳವಿ ಪಾಯಸ, ತಿನ್ನುವವರಿಗೆ ತತ್ತಿ, ಹಣ್ಣು ಎಲ್ಲವೂ ಬೇಕು. ಹೆರಿಗೆಯ ನಂತರ 180 ದಿನ ದಿನಕ್ಕೊಂದು ಕಬ್ಬಿಣದ ಗುಳಿಗೆ, ದಿನಕ್ಕೆರಡು ಕ್ಯಾಲ್ಸಿಯಂ ಗುಳಿಗೆ ನುಂಗಬೇಕು. ಆಶಾ ಕಾರ್ಯಕರ್ತೆಯಿಂದ ಅಥವಾ ಆರೋಗ್ಯ ಕೇಂದ್ರದಲ್ಲಿ ಇವು ಉಚಿತ. ಎರಡನ್ನೂ ಕೂಡಿಸಿ ನುಂಗಬಾರದು, ನಡುವೆ ಎರಡು ತಾಸು ಬಿಡಿ. ಕಬ್ಬಿಣದ ಗುಳಿಗೆಯ ಮೇಲೆ ಚಹಾ ಕುಡಿದರೆ ಅದು ಮೈಗೆ ಹತ್ತುವುದಿಲ್ಲ. 2017ರ ಅಕ್ಟೋಬರ್ 2ರಿಂದ ನಡೆದಿರುವ ಮಾತೃಪೂರ್ಣ ಯೋಜನೆಯಲ್ಲಿ ಬಾಣಂತಿಗೆ ಆರು ತಿಂಗಳವರೆಗೆ ಅಂಗನವಾಡಿಯ ಮಧ್ಯಾಹ್ನದ ಊಟದ ಹಕ್ಕಿದೆ.

ಅಡುಗೆಯ ಭಾರ ಇಳಿಸಲು ರೊಟ್ಟಿಯನ್ನು ಹೊರಗಿನಿಂದ ತನ್ನಿ. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಲೆಕ್ಕದ ಮೇಲೆ ರೊಟ್ಟಿ ಬಡಿದು ಕೊಡುವ ಹೆಣ್ಣುಮಕ್ಕಳಿದ್ದಾರೆ. ಬಾಣಂತಿಯ ಅವ್ವ ಎರಡು ತಾಸು ಹಂಚಿನ ಮುಂದೆ ನಿಲ್ಲುವುದು ತಪ್ಪಿದರೆ ರಾತ್ರಿ ಅವಳಿಗೆ ಎಚ್ಚರಿರುವ ಶಕ್ತಿ ಉಳಿಯುತ್ತದೆ.

ಕೈಗಳನ್ನು ಹಂಚಿ

ನಮ್ಮಲ್ಲಿ ಬಾಣಂತನ ಅಂದರೆ ತವರಿನವರ ಹೊಣೆ, ಅಳಿಯ ರವಿವಾರ ಬಂದು ಕೂಸನ್ನು ನೋಡಿ ಹೋಗುವವನು. ಇದು ಬದಲಾಗಬೇಕು. ತಂಗಿಯ ಗಂಡನಿಗೆ ಹುಬ್ಬಳ್ಳಿಯಲ್ಲಿ ನೌಕರಿ. ಕೆಲಸ ಬಿಟ್ಟ ಮೇಲೆ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದು ರಾತ್ರಿ ಒಂಬತ್ತರಿಂದ ಹನ್ನೆರಡೂವರೆವರೆಗೆ ಕೂಸನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತಿದ್ದ. ಅವಳು ಒಂಬತ್ತಕ್ಕೆ ಕುಡಿಸಿ ಮಲಗುತ್ತಿದ್ದಳು. ಬಟ್ಟೆ ಬದಲಿಸುವುದು, ತೇಗಿಸುವುದು, ತೂಗುವುದು ಅವನದು, ಕೂಸು ಹಸಿದರೆ ಮಾತ್ರ ಅವಳ ಮಗ್ಗುಲಿಗೆ. ಬಹಳ ದಿನ ಮೂರೂವರೆ ತಾಸಿನ ನಿದ್ದೆ ಪೂರಾ ಸಿಕ್ಕಿತು. ಯಾವ ಅಂಗಡಿಯಲ್ಲೂ ಅಷ್ಟು ಬೆಲೆಯ ಸಾಮಾನು ನಾನು ಕಂಡಿಲ್ಲ.

ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ: ಬಟ್ಟೆ ಒಗೆಯುವವರು ಯಾರು, ಮಧ್ಯಾಹ್ನ ಎರಡು ತಾಸು ಕೂಸನ್ನು ನೋಡಿಕೊಳ್ಳುವವರು ಯಾರು, ಗುಳಿಗೆ ನೆನಪಿಸುವವರು ಯಾರು. ನೋಡಲು ಬರುವವರಿಗೆ ಸಂಜೆ ಐದರಿಂದ ಆರು ಎಂದು ಹೇಳಿಬಿಡಿ. ಕೈ ತೊಳೆದು ಒಳಗೆ ಬರಲಿ, ನೆಗಡಿ ಇದ್ದವರು ವಾಸಿಯಾದ ಮೇಲೆ ಬರಲಿ. ಏನು ತರಲಿ ಎಂದು ಕೇಳುವವರಿಗೆ ನಾಚದೆ ಹೇಳಿ: ಒಂದು ಹೊತ್ತಿನ ಪಲ್ಯ, ಹಣ್ಣು, ಪ್ಯಾಡಿನ ಕಟ್ಟು, ಇಲ್ಲವೇ ಒಂದು ತಾಸು.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರಬೇಕು. ತವರಿಗೆ ಬಂದಿದ್ದರೆ ಅಲ್ಲಿಯ ಆಶಾಗೆ ನೀವೇ ತಿಳಿಸಿ, ಇಲ್ಲವಾದರೆ ಎರಡೂ ಊರಿನ ಪಟ್ಟಿಯಿಂದ ನಿಮ್ಮ ಹೆಸರು ಜಾರಿಹೋಗುತ್ತದೆ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ಹಣದ ಬಗ್ಗೆಯೂ ಅವರನ್ನೇ, ಅಂಗನವಾಡಿಯವರನ್ನೇ ಕೇಳಿ. ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ಬರುತ್ತದೆ. ಜನನ ನೋಂದಣಿ 21 ದಿನದೊಳಗೆ ಆಗಿರಲಿ.

ಮನಸ್ಸು, ಮತ್ತು ತಡ ಮಾಡಬಾರದ ಲಕ್ಷಣಗಳು

ಮೂರನೇ ದಿನದಿಂದ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ಎರಡು ವಾರದೊಳಗೆ ತಾನೇ ಇಳಿಯುತ್ತದೆ. ಹೆಣ್ಣು ಹುಟ್ಟಿತೆಂದು ಯಾರಾದರೂ ಮುಖ ಸಣ್ಣದು ಮಾಡಿದ ಮನೆಯಲ್ಲಿ ಆ ಅಳು ಗಂಟಲಲ್ಲೇ ಉಳಿಯುತ್ತದೆ. ಅಂಥ ಮಾತು ಬಾಣಂತಿ ಕೋಣೆಯ ಹೊಸ್ತಿಲು ದಾಟದಂತೆ ಹಿರಿಯರೇ ನಿಂತು ತಡೆಯಬೇಕು. ಎರಡು ವಾರದ ಮೇಲೂ ಬೇಸರ ಹೋಗದಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಕೂಸಿನ ಮೇಲೆ ಮನಸ್ಸೇ ಹರಿಯದಿದ್ದರೆ ಅದು ಖಿನ್ನತೆ ಇರಬಹುದು, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದು ಇನ್ನೂ ತೀವ್ರವಾದದ್ದು: ದಿನಗಟ್ಟಲೆ ನಿದ್ದೆಯಿಲ್ಲ, ಇಲ್ಲದ್ದು ಕೇಳಿಸುತ್ತದೆ, ಮಾತು ಎತ್ತೆತ್ತಲೋ ಹೋಗುತ್ತದೆ. ತನಗೋ ಕೂಸಿಗೋ ಏನಾದರೂ ಮಾಡಿಕೊಂಡೇನೆಂದು ಅವಳು ಹೇಳಿದರಂತೂ ಕ್ಷಣವೂ ಒಬ್ಬಳನ್ನೇ ಬಿಡದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಮೈಯ ವಿಷಯದಲ್ಲಿ ಇವುಗಳಿಗೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ: ಒಂದು ತಾಸಿನಲ್ಲಿ ದಪ್ಪ ಪ್ಯಾಡು ಪೂರ್ತಿ ತೊಯ್ದರೆ, ದೊಡ್ಡ ಗಡ್ಡೆ ಬಿದ್ದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಎದೆ ನೋವು, ಉಸಿರು ಕಟ್ಟಿದರೆ. 100.4 ಡಿಗ್ರಿ ದಾಟಿದ ಜ್ವರ, ದುರ್ವಾಸನೆಯ ಸ್ರಾವ, ಹೊಲಿಗೆಯಿಂದ ಕೀವು, ಒಂದೇ ಕಾಲಿನ ಮೀನಖಂಡದಲ್ಲಿ ಬಾವು ನೋವು ಕಂಡರೆ ಅದೇ ದಿನ ತೋರಿಸಿ. ಬಸುರಿಯಲ್ಲಿ ಬಿಪಿ ಸರಿಯಿತ್ತು ಎಂದು ತಲೆನೋವನ್ನು ತಳ್ಳಿಹಾಕಬೇಡಿ, ಹೆರಿಗೆಯ ಮೇಲೂ ಅದು ಏರಬಹುದು. ಥರ್ಮಾಮೀಟರು ಆ ಬುಟ್ಟಿಯಲ್ಲೇ ಇರಲಿ.

ಆರು ವಾರಕ್ಕೆ ಕೂಸಿನ ಲಸಿಕೆ ಇರುತ್ತದೆ. ಎಲ್ಲರೂ ಕೂಸಿನ ಕಾರ್ಡು ಹಿಡಿದು ಹೊರಡುತ್ತಾರೆ. ಅದೇ ದಿನ ತಾಯಿಯ ಬಿಪಿ, ರಕ್ತದ ಪ್ರಮಾಣ, ಹೊಲಿಗೆ ತೋರಿಸಿ, ಮುಂದಿನ ಬಸುರಿಗೆ ಅಂತರ ಇಡುವ ಬಗ್ಗೆಯೂ ಕೇಳಿ ಬನ್ನಿ. ತಾಯಿ ಕಾರ್ಡನ್ನು ಚೀಲದಲ್ಲಿ ಮೇಲೇ ಇಟ್ಟುಕೊಳ್ಳಿ.